ಹಳದಿ ಚೀಲದಲ್ಲಿ ಬಂದ ಮನೆ ಪತ್ರ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಿಂಧನೂರು ಕಡೆಯವರು. ಅಕ್ಕಿ ಗಿರಣಿಯಲ್ಲಿ ಗುಮಾಸ್ತರು, ತಿಂಗಳಿಗೆ 22,000 ರೂಪಾಯಿ ಸಂಬಳ. ದೊಡ್ಡ ಮಗಳ ಓದಿಗೆ ಸಾಲ ಮಾಡುವ ಬಗ್ಗೆ ಕೇಳಲು, ಹೆಂಡತಿ, ಮಗಳ ಜೊತೆ ರಾಯಚೂರಿಗೆ ನನ್ನ ಬಳಿ ಬಂದಿದ್ದರು. ಬಟ್ಟೆ ಅಂಗಡಿಯ ಹಳದಿ ಚೀಲದಿಂದ ಮನೆ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಅದರ ಮೂಲೆಯಲ್ಲಿ ಕುಂಕುಮದ ಕಲೆ. ಪ್ರತಿ ದೀಪಾವಳಿಗೂ ಲಕ್ಷ್ಮಿ ಪೂಜೆಗೆ ಇಡುತ್ತಾರಂತೆ.

ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ನೋಡಿದ್ದರು. ಸದ್ಯಕ್ಕೆ ಮನೆ ಅಡ ಇಟ್ಟು 8 ಲಕ್ಷ, ಆಮೇಲಿನದು ಆಮೇಲೆ.

“ಮನಿ ಅಡ ಇಟ್ರ ಏನಾತ್ರೀ ಮೇಡಂ, ಆಕಿ ನೌಕರಿ ಹಿಡದು ಬಿಡಿಸ್ತಾಳ.”

ಚೀಟಿಯ ಮೇಲೆ ಲೆಕ್ಕ ಬರೆದೆ. 11% ಬಡ್ಡಿ, 10 ವರ್ಷ ಅಂದರೆ ತಿಂಗಳ ಕಂತು ಸುಮಾರು 11,000. ಸಂಬಳದ ಅರ್ಧ. ಅದೂ ಮಗಳು ಓದು ಮುಗಿಸುವವರೆಗೆ ಕಾಯಲ್ಲ, ಮುಂದಿನ ತಿಂಗಳೇ ಶುರು. ಮೂರು ತಿಂಗಳು ಕಂತು ನಿಂತರೆ ಸಾಲ ಕೆಟ್ಟ ಸಾಲವಾಗುತ್ತದೆ. ಆಮೇಲೆ 60 ದಿನದ ನೋಟಿಸು ಕೊಟ್ಟು, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನೇ ವಶಕ್ಕೆ ಪಡೆಯಬಹುದು. ಅವರು ಚೀಟಿಯನ್ನು ಎರಡು ಸಲ ಓದಿದರು.

“ನಿನಗೆ ಏನು ಬೇಕಮ್ಮ?” ಎಂದು ಮಗಳನ್ನು ಕೇಳಿದೆ. ಅಲ್ಲಿಯವರೆಗೂ ಅವಳು ದುಪಟ್ಟಾದ ಅಂಚು ಸುತ್ತುತ್ತಾ ಕೂತಿದ್ದಳು.

“371ಜೆ ಕೋಟಾದಾಗ ಇಲ್ಲೇ ನಮ್ಮ ಭಾಗದಾಗ ಸಿಇಟಿ ಸೀಟು ಸಿಕ್ಕೈತ್ರಿ. ಅಪ್ಪಗ ಬೆಂಗಳೂರು ಅಂದ್ರ ಆಸೆ. ಹೇಳಾಕ ಆಗಲಿಲ್ಲ.”

371ಜೆ ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಆ ವಿಧಿಯಡಿ ಸಿಗುವ ಮೀಸಲಾತಿ. ಅಪ್ಪ ಅವಳನ್ನೇ ನೋಡಿದರು. ಈ ಮಾತು ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ! ಇಂಥ ಪ್ರೀತಿಯ ಮೌನ ನಮ್ಮ ಕಡೆ ಜಾಸ್ತಿ. ನನಗೆ ಸಂಕಟವಾಗುವುದು ಅದಕ್ಕೇ.

ನಾನು ಹೇಳಿದ್ದು ಇಷ್ಟು. ಸಿಇಟಿ ಸೀಟಿನ ಪತ್ರ ಹಿಡಿದು ಮೊದಲು ಶಿಕ್ಷಣ ಸಾಲ ಕೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾದರೆ ಸಾಕು. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ನಂತರ. ಆದಾಯ ಪ್ರಮಾಣಪತ್ರ ಮಾಡಿಸಿ. ವರ್ಷದ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸ್‌ಗೆ ಎನ್‌ಬಿಎ (ಎರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು) ಮಾನ್ಯತೆ ಇದ್ದರೆ, ಓದುವಾಗಿನ ಬಡ್ಡಿಗೆ ಕೇಂದ್ರದ ಸಹಾಯಧನ ಕೇಳಬಹುದು. ಮ್ಯಾನೇಜ್‌ಮೆಂಟ್ ಸೀಟಿಗೆ ಈ ಅನುಕೂಲ ಸಿಗುತ್ತದೆಂದು ನಂಬಿಕೊಂಡು ಕೂರಬೇಡಿ.

ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ ಆಗ ಬಾಯಿಬಿಟ್ಟರು: “ಇದನ್ನ ಈಗ ಅಡ ಇಟ್ರ, ಸಣ್ಣಾಕಿ ಪಿಯುಸಿ ಮುಗಿಸಿದ ಮ್ಯಾಲ ಏನು ಇಡೋದು?”

ಯಾರೂ ಉತ್ತರ ಕೊಡಲಿಲ್ಲ. ಅಪ್ಪ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದರು. ನಂತರ ಮಗಳಿಗೆ, “ಆ ಸೀಟಿನ ಪತ್ರ ಎಲ್ಲೈತವ್ವಾ, ತೋರಸು” ಎಂದರು.