ಗಂಜಿಗೆ ಕ್ರೀಮ್ ಹಾಕಬೇಡ ತಂಗಿ

"ಮ್ಯೂನಿಕ್‌ಗೆ ಬಂದು ಮೂರು ತಿಂಗಳಾಯಿತು ಅಕ್ಕಾ. ಆಫೀಸಿನ ನಾಲ್ವರನ್ನು ಶನಿವಾರ ಊಟಕ್ಕೆ ಕರೆದಿದ್ದೇನೆ. ನನಗೆ ಬರುವುದು ಅಮ್ಮನ ಗಂಜಿ, ತಂಬುಳಿ, ಪತ್ರೊಡೆ ಅಷ್ಟೇ. ಅದನ್ನೇ ದೊಡ್ಡ ಹೋಟೆಲಿನ ಥರ ಮಾಡಬಹುದಾ?" ಅಂತ ಕೇಳಿದ್ದಿ. ಧಾರಾಳ ಮಾಡಬಹುದು. ಆದರೆ ನಾನು ಮಾಡಿದ ಹಾಗೆ ಮಾಡಬೇಡ.

ನಾನು ಬಂದ ವರ್ಷ ಹೀಗೇ ಕೆಲವರನ್ನು ಕರೆದಿದ್ದೆ. ಕಾಸರಗೋಡಿನ ಪೆರ್ಲದ ಮನೆಯಲ್ಲಿ ಮಳೆಗಾಲವಿಡೀ ಉಣ್ಣುವ ಗಂಜಿಯನ್ನು ಹಾಗೇ ಬಡಿಸಲು ನಾಚಿಕೆ. ಅದಕ್ಕೆ ಕ್ರೀಮ್ ಸುರಿದೆ, ಮೇಲೆ ಚೀಸ್ ತುರಿದೆ. ಮಿಡಿ ಉಪ್ಪಿನಕಾಯಿಯನ್ನು ಕಪಾಟಿನೊಳಗೆ ಅಡಗಿಸಿಟ್ಟೆ. ಬಂದವರು ಮರ್ಯಾದೆಗೆ ನಾಲ್ಕು ಚಮಚ ತಿಂದರು. ನಮ್ಮವರಿಗೆ ತಡೆಯಲಿಲ್ಲ, ಎದ್ದು ಹೋಗಿ ತಮಗೊಂದು ಮಿಡಿ ತಂದುಕೊಂಡರು. ಅಷ್ಟೇ ನೋಡು, "ಅದೇನದು, ನಮಗೂ ಕೊಡಿ" ಅಂತ ಶುರುವಾಯಿತು. ಊರಿಂದ ತಂದ ಬಾಟಲಿ ಒಂದೇ ರಾತ್ರಿಗೆ ಅರ್ಧ ಖಾಲಿ! ಆ ಹೊಟ್ಟೆಯುರಿ ಇನ್ನೂ ಇದೆ.

ನಮ್ಮ ಅಡುಗೆಗೆ ರುಚಿ ಸೇರಿಸುವುದು ಬೇಡ. ಹುಳಿ, ಖಾರ, ಸೊಪ್ಪಿನ ಕಹಿ ಎಲ್ಲ ಮೊದಲೇ ಇದೆ. ಗಂಜಿಯಲ್ಲಿ ಇಲ್ಲದ್ದು ಹಲ್ಲಿಗೆ ಸಿಗುವ ಗರಿಗರಿ. ಅದನ್ನು ಕೊಡಲು ಹಲಸಿನ ಹಪ್ಪಳ ಇದೆಯಲ್ಲ. ಕುಚ್ಚಿಲಕ್ಕಿಯನ್ನು ರಾತ್ರಿ ನೆನೆಹಾಕಿ, ಅನ್ನ ಅರಳುವವರೆಗೆ ಬೇಯಿಸು. ತಿಳಿ ಬಸಿದು ಬೇರೆ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಮತ್ತೆ ಅನ್ನಕ್ಕೆ ಸೇರಿಸು. ಕ್ರೀಮ್ ಇಲ್ಲದೆಯೇ ನುಣುಪು ಬರುತ್ತದೆ. ಅಗಲ ಬಟ್ಟಲನ್ನು ಬಿಸಿ ಮಾಡಿ ಬಡಿಸು, ಇಲ್ಲದಿದ್ದರೆ ಈ ಚಳಿಗೆ ಎರಡೇ ನಿಮಿಷದಲ್ಲಿ ಕೆನೆ ಕಟ್ಟುತ್ತದೆ. ಮೇಲೆ ಒಂದು ಚಮಚ ತೆಂಗಿನೆಣ್ಣೆ, ಸಣ್ಣಗೆ ಹೆಚ್ಚಿದ ಮಿಡಿ, ಕೊನೆಗೆ ಪುಡಿ ಮಾಡಿದ ಹಪ್ಪಳ. ಹಪ್ಪಳವನ್ನು ಮೇಜಿನ ಹತ್ತಿರವೇ ಉದುರಿಸು. ಮೊದಲೇ ಹಾಕಿದರೆ ಮೆತ್ತಗಾಗಿ ಎಲ್ಲ ವ್ಯರ್ಥ.

ಅಕ್ಕಿ ಎಲ್ಲಿ ಅಂತೀಯಾ? ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಕೇಳು, ಮಲಯಾಳಿಗಳ ಅಂಗಡಿ ಸಿಕ್ಕಿದರೆ ಮಟ್ಟ ಅಕ್ಕಿ, ಅಂದರೆ ಕೇರಳದ ಕೆಂಪು ಕುಚ್ಚಿಲಕ್ಕಿ, ಕೇಳು. ನಾಲ್ಕು ಮಾತು ಮಲಯಾಳದಲ್ಲಿ ಆಡಿದರೆ ಒಳಗಿಂದ ಹೊಸ ಚೀಲ ಬರುತ್ತದೆ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದಕ್ಕೆ ನಮ್ಮ ಅಜ್ಜ ಕೊನೆಯವರೆಗೂ ಬೈಯುತ್ತಿದ್ದರು. ಅವರಿಗೆ ಈ ಲಾಭ ಗೊತ್ತಿರಲಿಲ್ಲ.

ಊರಿಂದ ತರುವುದರಲ್ಲಿ ಜಾಗ್ರತೆ. ತುಪ್ಪ, ಮಜ್ಜಿಗೆ ಮೆಣಸು ತರಬೇಡ, ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿನೊಳಗೆ ತರುವಂತಿಲ್ಲ. 2019ರ ಡಿಸೆಂಬರಿನಿಂದ ಹಸಿ ಸೊಪ್ಪು, ಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ಡುರಿಯನ್‌ಗೆ ಮಾತ್ರ ವಿನಾಯಿತಿ. ಅಂದರೆ ತೆಂಗಿನಕಾಯಿ ಬರಬಹುದು, ಕರಿಬೇವು ಬರಬಾರದು. ಯಾವ ನ್ಯಾಯವೋ!

ಹಾಗಾಗಿ ಪತ್ರೊಡೆಗೆ ಕೆಸುವಿನ ಎಲೆಯ ಆಸೆ ಬಿಡು. ಇಲ್ಲಿ ಮಾಂಗೋಲ್ಡ್ ಅಂತ ಅಗಲ ಎಲೆಯ ಸೊಪ್ಪು ಸಿಗುತ್ತದೆ. ನಡುವಿನ ದಪ್ಪ ದಂಟು ಕತ್ತರಿಸಿ ತೆಗೆದರೆ ಚೆನ್ನಾಗಿ ಸುತ್ತಲು ಬರುತ್ತದೆ. ಕೆಸುವಿನ ಹಾಗೆ ಗಂಟಲು ತುರಿಸುವುದಿಲ್ಲ. ಹಾಗಂತ ಎಲೆಗೆ ಸವರುವ ಹಿಟ್ಟಿನ ಹುಣಸೆಹುಳಿ ಕಡಿಮೆ ಮಾಡಿದೆಯೋ, ಪತ್ರೊಡೆ ಸಪ್ಪೆ. ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಿದ ಮೇಲೆ ಅರ್ಧ ಬೆರಳು ದಪ್ಪ ಕೊಯ್ದು, ತೆಂಗಿನೆಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸು. ಒಣ ಪುನರ್ಪುಳಿ (ಕೋಕಂ) ಇದ್ದರೆ ನೆನೆಸಿ, ಆ ನೀರಿಗೆ ಬೆಲ್ಲ ಹಾಕಿ ಜೇನಿನಷ್ಟು ಗಟ್ಟಿಯಾಗುವವರೆಗೆ ಕುದಿಸು. ತಟ್ಟೆಯಲ್ಲಿ ಎರಡು ಮೂರು ತುಂಡು, ಪಕ್ಕದಲ್ಲಿ ಆ ಕೆಂಪು ಪಾಕ. ನನ್ನ ಮಟ್ಟಿಗೆ ಇದು ಊರಿನದ್ದಕ್ಕಿಂತಲೂ ಒಂದು ಕೈ ಮೇಲೆ. ಅಮ್ಮನಿಗೆ ಹೇಳಿಲ್ಲ.

ತಂಬುಳಿ ಸುಲಭ. ಶುಂಠಿ, ಕಾಯಿ, ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು ನುಣ್ಣಗೆ ರುಬ್ಬಿ, ಅಂಗಡಿಯ ಮಜ್ಜಿಗೆಯಲ್ಲಿ ಕಲಸಿ ಸೋಸು. ತಣ್ಣಗೆ ಮಾಡಿ ಸಣ್ಣ ಗ್ಲಾಸಿನಲ್ಲಿ ಊಟಕ್ಕೆ ಮೊದಲೇ ಕೊಡು. ವಸಂತದಲ್ಲಿ ಬೇರ್‌ಲೌಖ್ ಅಂತ ಬೆಳ್ಳುಳ್ಳಿ ವಾಸನೆಯ ಕಾಡುಸೊಪ್ಪು ಬರುತ್ತದೆ, ಅದರ ತಂಬುಳಿ ನನಗೆ ಬಹಳ ಇಷ್ಟ. ಸಂತೆಯಿಂದಲೇ ಕೊಂಡುಕೋ. ಕಾಡಿನಲ್ಲಿ ಹಾಗೆಯೇ ಕಾಣುವ ವಿಷದ ಎಲೆಯೂ ಇದೆ.

ಮೂರನ್ನೂ ಒಂದೇ ದಿನ ಮಾಡಲು ಹೋಗಬೇಡ. ಪತ್ರೊಡೆಯನ್ನು ಶುಕ್ರವಾರವೇ ಬೇಯಿಸಿಡು. ಹಪ್ಪಳ ಇಲ್ಲದಿದ್ದರೆ ಹೇಳು, ನನ್ನ ಡಬ್ಬಿಯಲ್ಲಿ ಒಂದು ಹಿಡಿ ಉಳಿದಿದೆ, ನಾಳೆ ಅಂಚೆಗೆ ಹಾಕುತ್ತೇನೆ. ಮಿಡಿ ಮಾತ್ರ ಕೇಳಬೇಡ ಮಾರಾಯ್ತಿ.