ತರಬೇತಿ ಕೊಟ್ಟರೂ ಬಂಡಿಯವರು ಬದಲಾಗಿಲ್ಲ ಎಂದವರಿಗೆ

ನಮಸ್ಕಾರ್ರಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ತಿಂಡಿ ಬಂಡಿಯವರಿಗೆ ಸ್ವಚ್ಛತೆಯ ತರಬೇತಿ ಕೊಟ್ಟು ಕೈಗವಸು ಹಂಚಿದರೂ ವಾರದಲ್ಲೇ ಮೊದಲಿನಂತಾದರು, ಮುಂದೇನು ಎಂದು ಕೇಳಿದ್ದೀರಿ.

ಇನ್ನೊಂದು ತರಬೇತಿ ಬೇಡ್ರಿ. ಕೈ ತೊಳೆಯಬೇಕೆಂದು ಅವರಿಗೆ ಗೊತ್ತೇ ಇದೆ. ಸಂಜೆ ಮಿರ್ಚಿ ಭಜಿ ಬಂಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ: ಹಿಟ್ಟಿಗೆ ಮೆಣಸಿನಕಾಯಿ ಅದ್ದುವ ಕೈಯೇ ನೋಟು ತಗೊಂಡು ಚಿಲ್ಲರೆ ಕೊಡುತ್ತದೆ. ನೀರಿನ ಕೊಡ ಬಂಡಿಯ ಕೆಳಗೆ, ಸೋಪು ಯಾವುದೋ ಚೀಲದೊಳಗೆ. ಎಣ್ಣೆ ಕಾದಿದೆ, ಗಿರಾಕಿಗಳು ಅವಸರದಲ್ಲಿದ್ದಾರೆ. ಆಗ ಬಗ್ಗಿ ಕೈ ತೊಳೆಯುವುದು ಯಾರಿಂದಲೂ ಆಗದ ಮಾತು.

ನಲ್ಲಿ ಇರುವ ಡಬ್ಬವನ್ನು ಕೈಗೆ ನಿಲುಕುವ ಎತ್ತರದಲ್ಲಿ ಇಡಿಸಿ, ಪಕ್ಕದಲ್ಲೇ ಸೋಪು ಕಟ್ಟಿಸಿ. ದುಡ್ಡಿನ ಡಬ್ಬಿ ಗಿರಾಕಿಯ ಕಡೆ ಇರಲಿ, ಫೋನ್‌ಪೇ ಕೋಡ್ ಕಣ್ಣೆದುರು ತೂಗಲಿ. ಕೈಗವಸು ಬಿಟ್ಟುಬಿಡಿ, ಅದರಲ್ಲೇ ನೋಟು ಮುಟ್ಟಿದರೆ ಬರಿಗೈಗೂ ಅದಕ್ಕೂ ವ್ಯತ್ಯಾಸವಿಲ್ಲ.

ಬೇಯಿಸಿದ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ಗಡಿಯಾರ ನೋಡಿಕೊಂಡು ವ್ಯಾಪಾರ ಮಾಡಲಾಗದು, ಆದರೆ ದೊಡ್ಡ ಪಾತ್ರೆಯ ಬದಲು ಸಣ್ಣದು ಕೊಟ್ಟರೆ ಪಲ್ಯ, ಚಟ್ನಿ ತಾನಾಗಿಯೇ ಸ್ವಲ್ಪ ಸ್ವಲ್ಪವೇ ತಯಾರಾಗುತ್ತದೆ.

ದಂಡದ ಹೆದರಿಕೆ ಹಾಕಬೇಡಿ, ಅಧಿಕಾರಿ ಹೋದ ಕೂಡಲೇ ಅದೂ ಹೋಗುತ್ತದೆ. ಉಳಿದವರು ಮಾತು ಕೇಳುವ ಹಿರಿಯ ವ್ಯಾಪಾರಿಯೊಬ್ಬರಿಂದ ಶುರು ಮಾಡಿ. ಅವರ ಗಿರಾಕಿ ಹೆಚ್ಚಿದರೆ ಪಕ್ಕದ ಬಂಡಿಯವರು ತಾವೇ ವಿಚಾರಿಸುತ್ತಾರೆ. ನೀರಿನದೇ ತೊಂದರೆಯಿದ್ದರೆ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಆ ಮಾತು ಎತ್ತಿಸಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು.