ಮೂವರ ಮನೆ, ಒಬ್ಬರ ಸಹಿ: ಅಡ್ವಾನ್ಸ್ ಯಾರನ್ನು ಕೇಳಬೇಕು?

ಮಳೆ ಹಿಡಿಯುವುದರೊಳಗೆ ಮನೆ ಬದಲಿಸುವವರು ನಮ್ಮಲ್ಲಿ ಹೆಚ್ಚು. ಹಾಗಾಗಿ ಮೇ ತಿಂಗಳು ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಅಡ್ವಾನ್ಸ್‌ನದ್ದೇ. ವಕೀಲಿಕೆಯಲ್ಲಿ ಇಷ್ಟು ವರ್ಷವಾದರೂ ಪ್ರಶ್ನೆಯೂ ಬದಲಾಗಿಲ್ಲ, ಜನ ಮಾಡುವ ತಪ್ಪೂ ಬದಲಾಗಿಲ್ಲ. ಈ ಸಲ ಒಂದಕ್ಕೆ ಉದ್ದವಾಗಿ ಬರೆಯುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕತ್ತರಿಸಿ ಕಳಿಸುವೆ.

ಪ್ರಶ್ನೆ: ಮಡಿಕೇರಿಯಲ್ಲಿ ಮೂವರು ಗೆಳತಿಯರು ಸೇರಿ ಮನೆ ಹಿಡಿದಿದ್ದೆವು. ಅಡ್ವಾನ್ಸ್ 60 ಸಾವಿರ, ತಲಾ 20. ಅಗ್ರಿಮೆಂಟ್ ಒಬ್ಬಳ ಹೆಸರಿನಲ್ಲಿದೆ. ಮೈಸೂರಿನಲ್ಲಿ ಕೆಲಸ ಸಿಕ್ಕಿ ನಾನು ಹೊರಟುಬಂದೆ. ‘ಮೂವರೂ ಖಾಲಿ ಮಾಡಿದ ಮೇಲೆ ನೋಡೋಣ, ಗೋಡೆಗೆಲ್ಲ ಬೂಷ್ಟು ಬಂದಿದೆ, ಪೇಂಟಿಂಗ್ ಖರ್ಚು ಹಿಡಿಯುತ್ತೇನೆ’ ಎನ್ನುತ್ತಾರೆ ಓನರ್. ‘ನಿನ್ನ ಜಾಗಕ್ಕೆ ಬರುವವರಿಂದ ಇಸ್ಕೊ’ ಎನ್ನುತ್ತಾಳೆ ಗೆಳತಿ. ನನ್ನ ದುಡ್ಡು ಯಾರು ಕೊಡಬೇಕು?

ಉತ್ತರ: ನಿಮ್ಮ ಗೆಳತಿ. ಹೀಗೆಂದರೆ ಎಲ್ಲರಿಗೂ ನನ್ನ ಮೇಲೆ ಸಿಟ್ಟು, ಏಕೆಂದರೆ ಓನರ್‌ಗೆ ಬೈಯುವುದು ಸುಲಭ, ಒಟ್ಟಿಗೆ ಅನ್ನ ಉಂಡವಳ ಹತ್ತಿರ ದುಡ್ಡು ಕೇಳುವುದು ಕಷ್ಟ. ಆದರೆ ಓನರ್ ಕರಾರು ಮಾಡಿಕೊಂಡದ್ದು ಅವಳೊಂದಿಗೆ. ಮನೆ ಇನ್ನೂ ಖಾಲಿಯಾಗಿಲ್ಲ, ಅವರು ಹಿಂತಿರುಗಿಸುವ ಹೊತ್ತು ಬಂದೇ ಇಲ್ಲ. ನಿಮ್ಮ ಲೆಕ್ಕ ಇರುವುದು ಅವಳ ಹತ್ತಿರ. 20 ಸಾವಿರ ಫೋನ್‌ಪೇಯಲ್ಲಿ ಹೋಗಿದ್ದರೆ ದಾಖಲೆ ಇದೆ. ಕೈಯಲ್ಲಿ ಕೊಟ್ಟಿದ್ದರೆ ಇವತ್ತೇ ವಾಟ್ಸಾಪ್‌ನಲ್ಲಿ ಮರ್ಯಾದೆಯಿಂದ ಕೇಳಿ: ‘ನಾನು ಕೊಟ್ಟ 20 ಸಾವಿರ ಯಾವಾಗ ಕೊಡ್ತೀಯ?’ ‘ಹೊಸಬರು ಬಂದ ಮೇಲೆ ಕೊಡ್ತೀನಿ’ ಎಂದು ಅವಳು ಬರೆದಳೋ, ದುಡ್ಡು ತೆಗೆದುಕೊಂಡದ್ದನ್ನು ಒಪ್ಪಿದಂತಾಯಿತು. ಅದನ್ನು ಅಳಿಸಬೇಡಿ.

‘ನನ್ನ ಹೆಸರೂ ಅಗ್ರಿಮೆಂಟ್‌ನಲ್ಲಿ ಇದ್ದಿದ್ದರೆ?’ ಆಗ ಇನ್ನೊಂದು ತಲೆನೋವು. 1872ರ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಒಟ್ಟಿಗೆ ಸಹಿ ಹಾಕಿದವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ಬಾಡಿಗೆ ಕೇಳಬಹುದು. ನೀವು ಮೈಸೂರಿನಲ್ಲಿ ಕೂತಿರುತ್ತೀರಿ, ಇಲ್ಲಿ ಉಳಿದ ಇಬ್ಬರು ನಾಲ್ಕು ತಿಂಗಳ ಬಾಡಿಗೆ ಬಾಕಿ ಇಟ್ಟರೆ ನೋಟಿಸ್ ನಿಮಗೂ ಬರುತ್ತದೆ. ಬ್ಯಾಗು ಹೊರಟರೂ ಸಹಿ ಆ ಮನೆಯಲ್ಲೇ ಉಳಿದಿರುತ್ತದೆ. ಅದಕ್ಕೇ ಹೊರಡುವ ಮೊದಲು ಅರ್ಧ ಹಾಳೆ ಬರೆಸಿಕೊಳ್ಳಿ: ಇಂಥ ದಿನದಿಂದ ಇವರ ಹೊಣೆ ಮುಗಿಯಿತು, ಇವರ ಪಾಲಿನ ಅಡ್ವಾನ್ಸ್ ಇಂಥವರು ಕೊಟ್ಟಿದ್ದಾರೆ. ಓನರ್, ಉಳಿಯುವವರು, ಹೊಸದಾಗಿ ಬರುವವರು, ಎಲ್ಲರ ಸಹಿ ಬೇಕು. ಸೆಸ್ಕ್‌ನವರ ಕರೆಂಟ್ ಮೀಟರಿನ ಫೋಟೋ ಒಂದು ಇರಲಿ. ಇಷ್ಟು ಮಾಡಿದ ಒಬ್ಬರೂ ಇದುವರೆಗೆ ನನ್ನ ಆಫೀಸಿಗೆ ಬಂದಿಲ್ಲ.

ಇನ್ನು ಬೂಷ್ಟು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯದ ಗೋಡೆ ಮಡಿಕೇರಿಯಲ್ಲಿ ಎಲ್ಲಿದೆ? ಗುಡ್ಡದ ಬರೆ ಕಡಿದು ಅದಕ್ಕೆ ಒತ್ತಿಕೊಂಡೇ ಹಿಂಗೋಡೆ ಕಟ್ಟಿದವರು, ನೀರು ಒಸರಿದರೆ ಬಾಡಿಗೆಯವರ ತಲೆಗೆ ಕಟ್ಟುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಿ ಎನ್ನುತ್ತದೆ, ನಿಜ. ಆದರೆ ಬಳಕೆಯಿಂದ ಆಗುವ ಸಹಜ ಸವೆತವನ್ನೂ ಮನುಷ್ಯರಿಂದ ತಡೆಯಲಾಗದ್ದನ್ನೂ ಅದೇ ಕಲಮು ಹೊರಗಿಡುತ್ತದೆ. ಹೊರಗಿನಿಂದ ಒಸರಿ ಬಂದ ನೀರಿಗೆ ನೀವು ಹೊಣೆಯಲ್ಲ. ನಾಲ್ಕು ತಿಂಗಳು ಕಿಟಕಿ ಮುಚ್ಚಿ ರೂಮಿನೊಳಗೇ ಒದ್ದೆ ಬಟ್ಟೆ ಹರವಿದ್ದರೆ ಮಾತ್ರ ನಿಮ್ಮ ವಾದ ಸ್ವಲ್ಪ ಮೆತ್ತಗಾಗುತ್ತದೆ. ಅದನ್ನು ನನ್ನಿಂದ ಮುಚ್ಚಿಡಬೇಡಿ. ‘ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ’ ಎಂದು ಅಗ್ರಿಮೆಂಟ್‌ನಲ್ಲಿ ಬರೆದಿದ್ದರೆ ಅದು ಬೇರೆ ಮಾತು. ಜೆರಾಕ್ಸ್ ಅಂಗಡಿಯಲ್ಲಿ ರೆಡಿ ಫಾರಂಗೆ ಓದದೇ ಸಹಿ ಹಾಕಿದವರಿಗೆ ನಾನೇನು ಹೇಳಲಿ?

ಗೆಳತಿ ಕೊಡದಿದ್ದರೆ ಲಿಖಿತವಾಗಿ ಕೇಳಿ, ಆಮೇಲೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. 1987ರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಆ ತೀರ್ಪಿಗೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ಆದೇಶದ, ಬಲ ಇದೆ, ಮೇಲ್ಮನವಿ ಇಲ್ಲ. ‘ಸ್ಟೇಷನ್‌ನಲ್ಲಿ ಹೇಳಿಸಿ ಕೊಡಿಸ್ತೀನಿ’ ಎಂದು ಮುಂಗಡ ಕೇಳುವ ಮಧ್ಯವರ್ತಿಯ ಹತ್ತಿರ ಮಾತ್ರ ಹೋಗಬೇಡಿ. ಇದು ಸಿವಿಲ್ ವ್ಯಾಜ್ಯ. ಹೋದ 20 ಸಾವಿರದ ಜೊತೆ ಇನ್ನೈದು ಹೋಗುತ್ತದೆ, ಅಷ್ಟೇ.

ಪ್ರಶ್ನೆ: ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲವಂತೆ, ಹೌದೇ?

ಅದು 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಕಾಯ್ದೆ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳುವವರೆಗೆ ಯಾರನ್ನೂ ಕಟ್ಟಿಹಾಕದು. ಮಾದರಿ ಎಂಬ ಪದವನ್ನು ಇನ್ನೊಮ್ಮೆ ಓದಿ, ನಿಮಗೆ ಬಂದ ಆ ವಾಟ್ಸಾಪ್ ಫಾರ್ವರ್ಡ್ ಅಳಿಸಿ.

ಪ್ರಶ್ನೆ: 11 ತಿಂಗಳ ಅಗ್ರಿಮೆಂಟ್ ಮುಗಿದಿದೆ. ಅಡ್ವಾನ್ಸ್ ಮುಳುಗಿತೇ?

ಇಲ್ಲ. ಬಾಡಿಗೆ ಕೊಡುತ್ತಾ ಇದ್ದೀರಿ, ಅವರು ತೆಗೆದುಕೊಳ್ಳುತ್ತಾ ಇದ್ದಾರೆ. ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ. ಬಿಡುವಾಗ ಲಿಖಿತ ನೋಟಿಸ್ ಕೊಡಿ. ಬೇರೆ ಕರಾರಿಲ್ಲದಿದ್ದರೆ 15 ದಿನ ಸಾಕು.

ಪ್ರಶ್ನೆ: ಕೊನೆಯ ಎರಡು ತಿಂಗಳ ಬಾಡಿಗೆ ಕಟ್ಟದೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಎನ್ನಬಹುದೇ?

ಊರೆಲ್ಲ ಹಾಗೇ ಮಾಡುತ್ತದೆ. ನಾನು ಅಂಜುಬುರುಕ, ಓನರ್ ಲಿಖಿತವಾಗಿ ಒಪ್ಪದೆ ಮಾಡಬೇಡಿ ಎಂದೇ ಹೇಳುವುದು. ಬಾಕಿದಾರ ಎಂಬ ಹೆಸರು ಹೊತ್ತು ಬಂದ ಕಕ್ಷಿದಾರರ ಪರ ವಾದಿಸುವುದು ನನಗೆ ಬೇಸರದ ಕೆಲಸ.